ಅಣಬೆಯಿಂದ ದೊರೆತ ಬೂಷ್ಟುನಾಶಕ: ಸ್ಟ್ರೋಬಿಲುರಿನ್ ಮತ್ತು ಅದರ ಸರಿಯಾದ ಉಪಯೋಗ

(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪೈರುಗಳಿಗೆ ಬರುವ ರೋಗಗಳಲ್ಲಿ ಬಹುಭಾಗವು ಬೂಷ್ಟಿನ ಜಾತಿಗೆ ಸೇರಿದ ಅತಿ ಸೂಕ್ಷ್ಮವಾದ ಜೀವಿಗಳಿಂದ ಉಂಟಾಗತಕ್ಕವು ಎಂಬ ಸಂಗತಿಯು ತಮಗೆ ತಿಳಿದೇ ಇದೆ. ಅಡಿಕೆಯ ಕೊಳೆರೋಗ, ದ್ರಾಕ್ಷಿಯ ಬೂಜುರೋಗ, ಮೆಣಸಿನಕಾಯಿಯ ಹಣ್ಣು ಕೊಳೆಯುವ ರೋಗ, ಭತ್ತದ ಮತ್ತು ರಾಗಿಯ ಬೆಂಕಿರೋಗ, ಗೋದಿಯ ತುಕ್ಕುರೋಗ, ಇವೆಲ್ಲವೂ ಈ ಗುಂಪಿನವೇ. ಈ ರೋಗಗಳನ್ನು ತಡೆಯುವುದಕ್ಕಾಗಿ ಈಗ ಅಂಗಡಿಗಳಲ್ಲಿ ದೊರೆಯುವ ಔಷಧಗಳ ಪೈಕಿ ಒಂದು ವರ್ಗವು ಕಾಡಿನ ಒಂದು ಸಣ್ಣ ಅಣಬೆಯಿಂದ ಹುಟ್ಟಿಬಂದುದು. ಅದು ಎಲ್ಲಿಂದ ಬಂದಿತು, ಯಾವ ರೀತಿಯಲ್ಲಿ ಕೆಲಸ ಮಾಡುತ್ತದೆ, ಅದನ್ನು ಹೇಗೆ ಬಳಸಬೇಕು, ಹೇಗೆ ಬಳಸಿದರೆ ಅದು ನಮ್ಮ ಕೈತಪ್ಪಿ ಹೋಗುತ್ತದೆ ಎಂಬ ನಾಲ್ಕು ವಿಷಯಗಳನ್ನು ಈ ದಿನ ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ. ಇವುಗಳಲ್ಲಿ ಕೊನೆಯದೇ ಅತ್ಯಂತ ಮುಖ್ಯವಾದುದು.

ಬೂಷ್ಟಿನಿಂದಲೇ ಬೂಷ್ಟಿಗೆ ಮದ್ದು

ಒಂದು ಸೂಕ್ಷ್ಮಜೀವಿಯು ತನ್ನ ಆಹಾರವನ್ನು ಇತರ ಜೀವಿಗಳಿಂದ ಕಾಪಾಡಿಕೊಳ್ಳುವುದಕ್ಕಾಗಿ ಒಂದು ರಸವನ್ನು ಸ್ರವಿಸುವುದು ಸೃಷ್ಟಿಯಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಗತಿ. ಮನುಷ್ಯನು ಇಂತಹ ರಸಗಳನ್ನು ಹುಡುಕಿ ತೆಗೆದು ಅನೇಕ ಔಷಧಗಳನ್ನು ಮಾಡಿಕೊಂಡಿದ್ದಾನೆ. ೧೯೩೯ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಬೂಷ್ಟಿನಿಂದ ಬೇರ್ಪಡಿಸಲ್ಪಟ್ಟ ಗ್ರಿಸಿಯೋಫುಲ್ವಿನ್ ಎಂಬ ವಸ್ತುವು ಮನುಷ್ಯರ ಹುಳುಕಡ್ಡಿಗೆ ಒಳ್ಳೆಯ ಮದ್ದಾಯಿತು. ೧೯೫೦ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಅಮೆರಿಕದ ಮಣ್ಣಿನ ಒಂದು ಜೀವಿಯಿಂದ ನಿಸ್ಟಾಟಿನ್ ಎಂಬುದನ್ನು ತೆಗೆದು, ತಾವು ಕೆಲಸ ಮಾಡುತ್ತಿದ್ದ ನ್ಯೂಯಾರ್ಕ್ ಸಂಸ್ಥಾನದ ಹೆಸರನ್ನೇ ಅದಕ್ಕಿಟ್ಟರು. ಜಪಾನಿನವರು ೧೯೬೫ರಲ್ಲಿ ಕಾಸುಗಾಮೈಸಿನ್ ಎಂಬುದನ್ನು ಕಂಡುಹಿಡಿದು ಭತ್ತದ ಬೆಂಕಿರೋಗಕ್ಕೆ ಬಳಸಿದರು. ನಮ್ಮ ದೇಶದಲ್ಲಿಯೂ ಪುಣೆಯ ಬಳಿಯ ಪಿಂಪ್ರಿಯಲ್ಲಿ ಎಂ. ಜೆ. ತಿರುಮಲಾಚಾರ್ ಮೊದಲಾದವರು ೧೯೬೦ರ ದಶಕದಲ್ಲಿ ಅರಿಯೋಫಂಜಿನ್ ಎಂಬ ಬೂಷ್ಟುನಾಶಕವನ್ನು ಮಣ್ಣಿನ ಜೀವಿಯಿಂದಲೇ ಪಡೆದರು.

ಈ ದಿನ ನಾವು ವಿಚಾರಿಸತಕ್ಕ ಸ್ಟ್ರೋಬಿಲುರಿನ್ ಎಂಬುದು ಈ ವಂಶಕ್ಕೇ ಸೇರಿದುದು. ಯುರೋಪಿನ ಪೈನ್ ಮರಗಳ ಕಾಡುಗಳಲ್ಲಿ, ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಹೂತುಹೋದ ಪೈನ್ ಕಾಯಿಗಳ ಮೇಲೆ, ವಸಂತಕಾಲದಲ್ಲಿ ಒಂದು ಪುಟ್ಟ ಅಣಬೆಯು ಏಳುತ್ತದೆ. ಅದರ ಶಾಸ್ತ್ರೀಯ ನಾಮವು ಸ್ಟ್ರೋಬಿಲುರಸ್ ಟೆನಾಸೆಲ್ಲಸ್. ಒಂದೇ ಒಂದು ಕಾಯಿಯು ಈ ಅಣಬೆಗೆ ಮನೆಯೂ ಹೌದು, ಕಣಜವೂ ಹೌದು. ಅದೇ ಕಾಯಿಯನ್ನು ತಿನ್ನಲು ಬರುವ ಇತರ ಬೂಷ್ಟುಗಳನ್ನು ಹತ್ತಿರಕ್ಕೆ ಬರಗೊಡಿಸದಂತೆ ಅದು ಒಂದು ವಸ್ತುವನ್ನು ಹೊರಸೂಸುತ್ತದೆ. ಜರ್ಮನಿಯ ಟಿಮ್ ಅಂಕೆ, ವೋಲ್ಫ್‌ಗಾಂಗ್ ಸ್ಟೆಗ್ಲಿಖ್ ಮೊದಲಾದ ವಿದ್ವಾಂಸರು ೧೯೭೭ರಲ್ಲಿ ಆ ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಸ್ಟ್ರೋಬಿಲುರಿನ್ ಎಂದು ಹೆಸರಿಟ್ಟರು. ಇದಕ್ಕೆ ಮುಂಚೆಯೇ, ೧೯೬೦ರ ದಶಕದಲ್ಲಿ, ಆಗಿನ ಚೆಕೊಸ್ಲೊವಾಕಿಯ ದೇಶದವರು ಬೀಚ್ ಮರದ ಮೇಲೆ ಬೆಳೆಯುವ ಬೇರೊಂದು ಅಣಬೆಯಿಂದ ಮುಸಿಡಿನ್ ಎಂಬುದನ್ನು ಪಡೆದು ಮನುಷ್ಯರ ಚರ್ಮರೋಗಕ್ಕೆ ಲೇಪನವಾಗಿ ಬಳಸಿದ್ದರು. ಇವೆರಡೂ ಒಂದೇ ವಸ್ತುವೆಂಬುದು ಆ ಬಳಿಕ ಸಿದ್ಧವಾಯಿತು.

ಅಣಬೆಯಿಂದ ಹೊಲಕ್ಕೆ

ಅಣಬೆಯ ರಸವನ್ನು ಹಾಗೆಯೇ ಹೊಲಕ್ಕೆ ತರುವುದು ಸಾಧ್ಯವಾಗಲಿಲ್ಲ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೂಷ್ಟನ್ನು ಚೆನ್ನಾಗಿ ಕೊಂದ ಈ ವಸ್ತುವು ಎಲೆಯ ಮೇಲೆ ಸಿಂಪಡಿಸಿದಾಗ ನಿಷ್ಪ್ರಯೋಜಕವಾಯಿತು. ಕಾರಣವೇನೆಂದರೆ, ಅದು ಬೆಳಕಿಗೆ ಸಿಕ್ಕಿದೊಡನೆ ಬಹು ಬೇಗನೆ ಒಡೆದುಹೋಗುತ್ತದೆ. ಮಣ್ಣಿನೊಳಗಿನ ಕತ್ತಲೆಯಲ್ಲಿ ಕೆಲಸ ಮಾಡುವ ಅಣಬೆಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಬಿಸಿಲಿನಲ್ಲಿ ಪೈರನ್ನು ಕಾಯಬೇಕಾದ ರೈತನಿಗೆ ಅಂತಹ ಮದ್ದಿನಿಂದ ಏನೂ ಫಲವಿಲ್ಲ.

ಆದುದರಿಂದ ಇಂಗ್ಲೆಂಡಿನ ಮತ್ತು ಜರ್ಮನಿಯ ರಸಾಯನಶಾಸ್ತ್ರಜ್ಞರು ಈ ವಸ್ತುವಿನ ರಚನೆಯನ್ನು ಪರಿಶೀಲಿಸಿ, ಬೂಷ್ಟನ್ನು ಕೊಲ್ಲುವ ಭಾಗವನ್ನು ಹಾಗೆಯೇ ಉಳಿಸಿಕೊಂಡು, ಬೆಳಕಿಗೆ ಒಡೆಯುವ ಭಾಗವನ್ನು ಮಾತ್ರ ಬದಲಾಯಿಸಿ, ನೂರಾರು ಹೊಸ ವಸ್ತುಗಳನ್ನು ತಯಾರಿಸಿ ಪರೀಕ್ಷಿಸಿದರು. ಅವುಗಳ ಪೈಕಿ ಅಜಾಕ್ಸಿಸ್ಟ್ರೋಬಿನ್ ಮತ್ತು ಕ್ರೆಸಾಕ್ಸಿಮ್-ಮೀಥೈಲ್ ಎಂಬೆರಡು ೧೯೯೬ರಲ್ಲಿ ಮಾರಾಟಕ್ಕೆ ಬಂದವು. ಅನಂತರ ಟ್ರೈಫ್ಲಾಕ್ಸಿಸ್ಟ್ರೋಬಿನ್, ಪೈರಾಕ್ಲೋಸ್ಟ್ರೋಬಿನ್, ಪಿಕಾಕ್ಸಿಸ್ಟ್ರೋಬಿನ್ ಮುಂತಾದುವು ಒಂದರ ಹಿಂದೊಂದು ಬಂದವು. ಇವು ಕಾರ್ಖಾನೆಯಲ್ಲಿ ತಯಾರಾಗತಕ್ಕವೇ ಹೊರತು ಅಣಬೆಯಿಂದ ಹಿಂಡಿದುವಲ್ಲ. ಆದರೆ ಇವುಗಳ ಮೂಲಮಾದರಿಯು ಅಣಬೆಯದು.

ಕೆಲಸ ಮಾಡುವ ರೀತಿ

ಪ್ರತಿಯೊಂದು ಜೀವಿಯೂ ತಾನು ತಿಂದ ಆಹಾರವನ್ನು ತನ್ನ ಜೀವಕಣಗಳೊಳಗೆ ಉಸಿರಾಟದ ಮೂಲಕ ನಿಧಾನವಾಗಿ ಉರಿಸಿ ಶಕ್ತಿಯನ್ನು ಪಡೆಯುತ್ತದೆ. ಈ ಕೆಲಸವು ಮೈಟೊಕಾಂಡ್ರಿಯಗಳೆಂಬ ಸೂಕ್ಷ್ಮವಾದ ಒಲೆಗಳಲ್ಲಿ ನಡೆಯುತ್ತದೆ. ಆ ಒಲೆಯಲ್ಲಿ ಸೈಟೊಕ್ರೋಮ್ ಬಿ ಎಂಬ ಒಂದು ಸಸಾರಜನಕ ವಸ್ತುವಿದ್ದು, ಅದರ ಮೂಲಕ ಎಲೆಕ್ಟ್ರಾನುಗಳು ಮುಂದಕ್ಕೆ ಸಾಗಬೇಕು. ಸ್ಟ್ರೋಬಿಲುರಿನ್ ವರ್ಗದ ಔಷಧವು ಅಲ್ಲಿನ ಒಂದು ಸಣ್ಣ ಸಂದಿಯಲ್ಲಿ ಹೋಗಿ ಕೂತು ಆ ಹಾದಿಯನ್ನು ಮುಚ್ಚಿಬಿಡುತ್ತದೆ. ಆಗ ಬೂಷ್ಟಿಗೆ ಶಕ್ತಿಯು ಹುಟ್ಟದೆ ಅದು ನಾಶವಾಗುತ್ತದೆ.

ಬೂಷ್ಟಿನ ಬೀಜಕಣವು ಎಲೆಯ ಮೇಲೆ ಬಿದ್ದು ಮೊಳೆಯುವ ಸಮಯದಲ್ಲಿ ಅದಕ್ಕೆ ಅತಿ ಹೆಚ್ಚಿನ ಶಕ್ತಿಯು ಬೇಕು. ಆದುದರಿಂದ ಈ ಔಷಧಕ್ಕೆ ಬೂಷ್ಟು ಅತಿ ಸುಲಭವಾಗಿ ಸಿಕ್ಕುವುದೂ ಆ ಸಮಯದಲ್ಲಿಯೇ. ರೋಗವು ಎಲೆಯೊಳಗೆ ಬೇರುಬಿಟ್ಟು ಹರಡಿದ ಮೇಲೆ ಸಿಂಪಡಿಸಿದರೆ ಪ್ರಯೋಜನವು ಬಹಳ ಕಡಮೆ. ಇದು ರೋಗ ಬರದಂತೆ ಕಾಯುವ ಮದ್ದು. ಬಂದು ನೆಲೆಸಿದ ರೋಗವನ್ನು ಕೀಳುವ ಮದ್ದಲ್ಲ. ಈ ಒಂದು ಮಾತನ್ನು ರೈತರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು.

ಹಾಗಾದರೆ ತನ್ನ ವಿಷದಿಂದ ಅಣಬೆಯೇ ಏಕೆ ಸಾಯುವುದಿಲ್ಲವೆಂದು ತಾವು ಕೇಳಬಹುದು. ಆ ಅಣಬೆಯ ಸೈಟೊಕ್ರೋಮಿನ ರಚನೆಯು ಕೊಂಚ ಬೇರೆಯಾಗಿದ್ದು, ವಿಷವು ಅಲ್ಲಿ ಬಿಗಿಯಾಗಿ ಕೂರಲಾರದು. ಈ ಸಣ್ಣ ಸಂಗತಿಯನ್ನು ಮರೆಯಬಾರದು. ಮುಂದೆ ಹೇಳುವ ದೊಡ್ಡ ಅಪಾಯದ ಬೀಜವು ಇದರಲ್ಲಿಯೇ ಅಡಗಿದೆ.

ಉಪಯೋಗಗಳು

ಈ ವರ್ಗದ ಔಷಧಗಳಿಗೆ ಇರುವ ಮುಖ್ಯ ಗುಣವೆಂದರೆ ಅನೇಕ ಬಗೆಯ ರೋಗಗಳ ಮೇಲೆ ಏಕಕಾಲದಲ್ಲಿ ಪರಿಣಾಮವನ್ನುಂಟುಮಾಡುವುದು. ಬೂದಿರೋಗ, ತುಕ್ಕುರೋಗ, ಎಲೆಚುಕ್ಕೆ ರೋಗ, ಹಣ್ಣು ಕೊಳೆಯುವ ರೋಗ ಇವುಗಳ ಜೊತೆಗೆ, ಹಿಂದೆ ಬೂಷ್ಟೆಂದೇ ಎಣಿಸಲ್ಪಟ್ಟು ಈಗ ಬೇರೊಂದು ಕುಲಕ್ಕೆ ಸೇರಿಸಲ್ಪಟ್ಟಿರುವ ಬೂಜುರೋಗದ ಜೀವಿಗಳನ್ನೂ ಇವು ತಡೆಯುತ್ತವೆ. ಅಜಾಕ್ಸಿಸ್ಟ್ರೋಬಿನ್ ಎಲೆಯ ಒಂದು ಮೈಯಿಂದ ಇನ್ನೊಂದು ಮೈಗೆ ಇಳಿಯುವುದಲ್ಲದೆ ನೀರಿನ ನಾಳಗಳ ಮೂಲಕ ಎಲೆಯ ತುದಿಯ ಕಡೆಗೂ ಹರಿಯುತ್ತದೆ. ಟ್ರೈಫ್ಲಾಕ್ಸಿಸ್ಟ್ರೋಬಿನ್ ಎಲೆಯ ಮೇಣದಲ್ಲಿ ನೆಲೆಸಿ ಮಳೆಗೆ ಸುಲಭವಾಗಿ ತೊಳೆದುಹೋಗದೆ ನಿಲ್ಲುತ್ತದೆ. ಗೋದಿಯಂತಹ ಪೈರುಗಳಲ್ಲಿ ಎಲೆಗಳು ಹೆಚ್ಚು ದಿನ ಹಸುರಾಗಿ ಉಳಿಯುವುದನ್ನೂ ಕಂಡಿದ್ದಾರೆ.

ನಮ್ಮ ದೇಶದಲ್ಲಿ ದ್ರಾಕ್ಷಿ, ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಮುಂತಾದ ಬೆಳೆಗಳಿಗೆ ಈ ಔಷಧಗಳು ಬಳಕೆಯಲ್ಲಿವೆ. ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರ ಸೀಮೆಗಳ ದ್ರಾಕ್ಷಿ ಬೆಳೆಗಾರರಿಗೂ ಹಾವೇರಿ ಕಡೆಯ ಮೆಣಸಿನಕಾಯಿ ಬೆಳೆಗಾರರಿಗೂ ಇವು ಹೊಸವಲ್ಲ. ಮನುಷ್ಯರ ಮತ್ತು ದನಕರುಗಳ ದೇಹದಲ್ಲಿ ಅಜಾಕ್ಸಿಸ್ಟ್ರೋಬಿನ್ ಬೇಗನೆ ಒಡೆದು ಹೊರಬೀಳುವುದರಿಂದ ಹಳೆಯ ಅನೇಕ ಔಷಧಗಳಿಗಿಂತ ಇದರ ಅಪಾಯವು ಕಡಮೆ. ಆದರೆ ಮೀನುಗಳಿಗೂ ನೀರಿನ ಇತರ ಸಣ್ಣ ಜೀವಿಗಳಿಗೂ ಇದು ಕಡು ವಿಷ. ಆದುದರಿಂದ ಪಂಪನ್ನು ಕೆರೆಯಲ್ಲಿಯಾಗಲಿ ಕಾಲುವೆಯಲ್ಲಿಯಾಗಲಿ ತೊಳೆಯಲೇಬಾರದು. ಸೇಬಿನ ಕೆಲವು ತಳಿಗಳ ಎಲೆಗಳನ್ನು ಅಜಾಕ್ಸಿಸ್ಟ್ರೋಬಿನ್ ತೀವ್ರವಾಗಿ ಸುಡುತ್ತದೆ. ಒಂದು ಬೆಳೆಗೆ ಒಗ್ಗುವ ಮದ್ದು ಎಲ್ಲ ಬೆಳೆಗೂ ಒಗ್ಗುತ್ತದೆಂದು ಭಾವಿಸಕೂಡದೆಂಬುದಕ್ಕೆ ಇದು ನಿದರ್ಶನ.

ಮದ್ದು ಸೋಲುವ ಬಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಔಷಧವು ಮಾರಾಟಕ್ಕೆ ಬಂದು ಎರಡೇ ವರ್ಷ ಕಳೆದಿರುವಾಗ, ೧೯೯೮ರಲ್ಲಿ, ಉತ್ತರ ಜರ್ಮನಿಯ ಗೋದಿಯ ಹೊಲಗಳಲ್ಲಿ ಬೂದಿರೋಗವು ಇದಕ್ಕೆ ಬಗ್ಗದೆ ನಿಂತಿತು. ಮುಂದಿನ ಕೆಲವು ವರ್ಷಗಳಲ್ಲಿ ಪಶ್ಚಿಮ ಯುರೋಪಿನ ಗೋದಿಯ ಎಲೆಮಚ್ಚೆ ರೋಗವೂ, ಅನೇಕ ದೇಶಗಳ ದ್ರಾಕ್ಷಿಯ ಬೂಜುರೋಗವೂ ಇದೇ ಹಾದಿಯನ್ನು ಹಿಡಿದವು. ೨೦೧೬ರಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ದ್ರಾಕ್ಷಿ ತೋಟಗಳಲ್ಲಿಯೂ ಈ ವರ್ಗಕ್ಕೆ ಸೊಪ್ಪುಹಾಕದ ಬೂಜುರೋಗವಿರುವುದು ಪ್ರಕಟವಾಯಿತು.

ಇದಕ್ಕೆ ಕಾರಣವನ್ನು ವಿದ್ವಾಂಸರು ಕಂಡುಹಿಡಿದಿದ್ದಾರೆ. ಸೈಟೊಕ್ರೋಮ್ ಬಿ ಎಂಬುದು ಮಣಿಗಳನ್ನು ಪೋಣಿಸಿದ ಸರದಂತೆ ರಚಿತವಾಗಿದೆ. ಅದರ ೧೪೩ನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಮಣಿಯಿರಬೇಕಾದಲ್ಲಿ ಅಲಾನಿನ್ ಎಂಬ ಮಣಿಯು ಬಂದರೆ ಸಾಕು, ಔಷಧವು ಆ ಸಂದಿಯಲ್ಲಿ ಕೂರಲಾರದು. ಒಂದೇ ಒಂದು ಮಣಿಯ ಬದಲಾವಣೆಯಿಂದ ಬೂಷ್ಟು ಔಷಧದ ಕೈಯಿಂದ ಪೂರ್ತಿಯಾಗಿ ಪಾರಾಗುತ್ತದೆ. ಗೋದಿಯ ತುಕ್ಕುರೋಗದಂತಹ ಕೆಲವು ಬೂಷ್ಟುಗಳ ವಂಶವಾಹಿಯ ರಚನೆಯು ಬೇರೆಯಾಗಿರುವುದರಿಂದ ಈ ಬದಲಾವಣೆಯಾದರೆ ಅವು ಬದುಕಲಾರವು. ಅಲ್ಲಿ ಔಷಧದ ಬಲವು ಹೆಚ್ಚು ಕಾಲ ಉಳಿದಿದೆ. ಬೂದಿರೋಗಕ್ಕೂ ಬೂಜುರೋಗಕ್ಕೂ ಅಂತಹ ಅಡ್ಡಿಯಿಲ್ಲ.

ಒಂದು ತೋಟದಲ್ಲಿ ರೋಗದ ಬೀಜಕಣಗಳು ಕೋಟಿಗಟ್ಟಲೆ ಇರುತ್ತವೆ. ಅವುಗಳಲ್ಲಿ ಎಲ್ಲಿಯೋ ಒಂದೆರಡಕ್ಕೆ ಈ ಬದಲಾವಣೆಯು ತಾನಾಗಿಯೇ ಬಂದಿರಬಹುದು. ನಾವು ಔಷಧವನ್ನು ಸಿಂಪಡಿಸಿದಾಗ ಮಿಕ್ಕವೆಲ್ಲ ಸತ್ತು ಆ ಒಂದೆರಡು ಉಳಿಯುತ್ತವೆ. ಮತ್ತೆ ಅದೇ ಔಷಧವನ್ನು ಹೊಡೆದರೆ ಉಳಿದವುಗಳ ಸಂತತಿಗೆ ಜಾಗವನ್ನು ಬಿಡಿಸಿಕೊಟ್ಟಂತಾಗುತ್ತದೆ. ರಾಗಿಯ ಹೊಲದಲ್ಲಿ ಕುಂಟೆ ಹೊಡೆದಾಗಲೆಲ್ಲ ಪೈರನ್ನು ಕಿತ್ತು ಕಳೆಯನ್ನು ಉಳಿಸುತ್ತ ಹೋದರೆ ಕೊನೆಗೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ. ಔಷಧವು ಹೊಸದಾಗಿ ಈ ಗುಣವನ್ನು ಹುಟ್ಟಿಸುವುದಿಲ್ಲ. ಇದ್ದುದನ್ನು ಆರಿಸಿ ಬೆಳೆಸುತ್ತದೆ. ಹೀಗೆ ಬೆಳೆದ ಬೂಷ್ಟು ಬೇಲಿಯೊಳಗೆ ನಿಲ್ಲತಕ್ಕದ್ದಲ್ಲ. ಗಾಳಿಯು ಅದನ್ನು ನೆರೆಯವನ ತೋಟಕ್ಕೂ ಒಯ್ಯುತ್ತದೆ. ಒಬ್ಬನ ಅಜಾಗರೂಕತೆಯಿಂದ ಹೋಬಳಿಗೆಲ್ಲ ಒಂದು ಮದ್ದು ನಷ್ಟವಾಗಬಹುದು. ಇಂತಹ ಮದ್ದೊಂದು ಹುಟ್ಟಿ ಹೊಲಕ್ಕೆ ಬರಲು ೧೯೭೭ರಿಂದ ೧೯೯೬ರವರೆಗೆ ಹತ್ತೊಂಬತ್ತು ವರ್ಷ ಹಿಡಿಯಿತು. ಕೆಲವು ಕಡೆ ಅದು ಸೋಲಲು ಎರಡು ವರ್ಷ ಸಾಕಾಯಿತು. ಈ ಲೆಕ್ಕವನ್ನು ತಾವು ಆಲೋಚಿಸಬೇಕು.

ಹೆಸರು ಹಲವು, ಮದ್ದು ಒಂದು

ರೈತರಲ್ಲಿ ಅನೇಕರು ಒಂದೇ ಔಷಧವನ್ನು ಪದೇಪದೇ ಹೊಡೆಯಬಾರದೆಂಬ ಮಾತನ್ನು ಕೇಳಿ, ಪ್ರತಿ ಸಲವೂ ಬೇರೆ ಬೇರೆ ಸೀಸೆಯನ್ನು ತರುತ್ತಾರೆ. ಇದು ಒಳ್ಳೆಯ ಉದ್ದೇಶವೇ ಸರಿ. ಆದರೆ ಸೀಸೆಯು ಬೇರೆಯಾದ ಮಾತ್ರಕ್ಕೆ ಮದ್ದು ಬೇರೆಯಾಗುವುದಿಲ್ಲ. ಮೊದಲ ಸಲ ಅಜಾಕ್ಸಿಸ್ಟ್ರೋಬಿನ್, ಎರಡನೆಯ ಸಲ ಪೈರಾಕ್ಲೋಸ್ಟ್ರೋಬಿನ್, ಮೂರನೆಯ ಸಲ ಕ್ರೆಸಾಕ್ಸಿಮ್-ಮೀಥೈಲ್ ಹೊಡೆದವನು ಒಂದೇ ಬೀಗಕ್ಕೆ ಒಂದೇ ಬೀಗದ ಕೈಯನ್ನು ಮೂರು ಸಲ ಹಾಕಿದಂತಾಯಿತು. ಒಂದಕ್ಕೆ ಬಗ್ಗದ ಬೂಷ್ಟು ಈ ವರ್ಗದ ಮಿಕ್ಕವುಗಳಿಗೂ ಬಗ್ಗುವುದಿಲ್ಲ.

ಗುರುತಿಸುವುದು ಹೇಗೆಂದರೆ, ಸೀಸೆಯ ಮೇಲೆ ದೊಡ್ಡ ಅಕ್ಷರದಲ್ಲಿರುವ ಮಾರಾಟದ ಹೆಸರನ್ನು ಬಿಟ್ಟು, ಸಣ್ಣ ಅಕ್ಷರದಲ್ಲಿ ಅಚ್ಚಾದ ಔಷಧದ ನಿಜವಾದ ಹೆಸರನ್ನು ಓದಬೇಕು. ಆ ಹೆಸರು ‘ಸ್ಟ್ರೋಬಿನ್’ ಎಂದು ಕೊನೆಗೊಂಡರೆ ಅದು ಈ ವರ್ಗದ್ದೇ. ಕ್ರೆಸಾಕ್ಸಿಮ್-ಮೀಥೈಲ್, ಫಾಮಾಕ್ಸಡೋನ್, ಫೆನಾಮಿಡೋನ್ ಎಂಬುವು ಹಾಗೆ ಕೊನೆಗೊಳ್ಳದಿದ್ದರೂ ಇದೇ ಸ್ಥಳದಲ್ಲಿ ಕೆಲಸ ಮಾಡತಕ್ಕವು. ಜಗತ್ತಿನ ವಿದ್ವಾಂಸರು ಬೂಷ್ಟುನಾಶಕಗಳಿಗೆ ಗುಂಪಿನ ಸಂಖ್ಯೆಗಳನ್ನು ಗೊತ್ತುಮಾಡಿದ್ದು, ಈ ವರ್ಗದ ಸಂಖ್ಯೆಯು ೧೧. ಎರಡು ಔಷಧಗಳು ಬೆರೆತ ಸೀಸೆಯಾದರೆ ಎರಡರ ಹೆಸರನ್ನೂ ಓದತಕ್ಕದ್ದು. ಓದಲು ಬಾರದವರು ಮನೆಯ ಶಾಲೆಯ ಮಕ್ಕಳಿಂದ ಓದಿಸಿಕೊಳ್ಳಬಹುದು.

ಅನುಸರಿಸಬೇಕಾದ ನಿಯಮಗಳು

೧. ರೋಗವು ಕಾಣಿಸುವುದಕ್ಕೆ ಮೊದಲು, ಅಥವಾ ಮೊದಲ ಚಿಹ್ನೆಯು ಕಂಡೊಡನೆ ಸಿಂಪಡಿಸಬೇಕು. ತೋಟವೆಲ್ಲ ರೋಗ ತುಂಬಿದ ಮೇಲೆ ಈ ಔಷಧವನ್ನು ಹೊಡೆಯುವುದು ಹಣದ ನಷ್ಟ ಮಾತ್ರವಲ್ಲ. ಬಗ್ಗದ ಬೂಷ್ಟನ್ನು ಆರಿಸಿ ಬೆಳೆಸಲು ಅದಕ್ಕಿಂತ ಸುಲಭವಾದ ಉಪಾಯವಿಲ್ಲ.

೨. ಈ ವರ್ಗದ ಔಷಧವನ್ನು ಒಂದರ ಹಿಂದೊಂದು ಸಲ ಬಳಸಕೂಡದು. ಒಂದು ಸಲ ಇದನ್ನು ಹೊಡೆದರೆ ಮುಂದಿನ ಸಲ ಬೇರೆ ವರ್ಗದ್ದನ್ನು ಹೊಡೆಯಬೇಕು. ಒಂದು ಬೆಳೆಗೆ ಒಟ್ಟು ಎರಡು ಅಥವಾ ಮೂರು ಸಲಕ್ಕೆ ಮೀರಿಸಬಾರದು. ಚೀಟಿಯಲ್ಲಿ ಇನ್ನೂ ಕಡಮೆ ಹೇಳಿದ್ದರೆ ಅದನ್ನೇ ಪಾಲಿಸಬೇಕು.

೩. ಚೀಟಿಯಲ್ಲಿ ಹೇಳಿದ ಪ್ರಮಾಣವನ್ನು ಹೆಚ್ಚಿಸಲೂಬಾರದು, ಉಳಿತಾಯಕ್ಕಾಗಿ ಇಳಿಸಲೂಬಾರದು. ಎಲೆಯ ಎರಡು ಮೈಗಳೂ ನೆನೆಯುವಂತೆ ಸಿಂಪಡಿಸಬೇಕು.

೪. ತನ್ನ ಬೆಳೆಯ ಹೆಸರು ಚೀಟಿಯಲ್ಲಿ ಇಲ್ಲದಿದ್ದರೆ ಆ ಔಷಧವನ್ನು ಆ ಬೆಳೆಗೆ ಬಳಸಬಾರದು. ಕೊಯ್ಲಿಗೆ ಎಷ್ಟು ದಿನ ಮೊದಲು ಸಿಂಪಡಣೆಯನ್ನು ನಿಲ್ಲಿಸಬೇಕೆಂದು ಹೇಳಿದೆಯೋ ಅದನ್ನು ತಪ್ಪದೆ ನಡೆಸಬೇಕು. ತಿನ್ನುವವರ ಆರೋಗ್ಯವೂ, ಪರದೇಶಕ್ಕೆ ಹೋಗುವ ದ್ರಾಕ್ಷಿಯ ಮಾನವೂ ಇದನ್ನು ಅವಲಂಬಿಸಿವೆ.

೫. ೧೯೬೮ರ ಕೀಟನಾಶಕಗಳ ಕಾಯಿದೆಯ ಮೇರೆಗೆ ಸೀಸೆಗಳ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅತ್ಯಂತ ವಿಷಕಾರಿ. ಹಳದಿ, ನೀಲಿ, ಹಸುರು ಕ್ರಮವಾಗಿ ಅದಕ್ಕಿಂತ ಕಡಮೆ. ಹಸುರು ಗುರುತಿದ್ದರೂ ಕೈಗವಸು, ಮುಖವಸ್ತ್ರಗಳಿಲ್ಲದೆ ಕೆಲಸ ಮಾಡಬಾರದು.

೬. ಯಾವ ದಿನ, ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಸಲ ಯಾವುದನ್ನು ಬಿಡಬೇಕೆಂಬುದನ್ನು ಆ ಪುಸ್ತಕವೇ ತಿಳಿಸುತ್ತದೆ.

ಹಳೆಯ ಮದ್ದನ್ನು ಕೈಬಿಡಬಾರದು

ಹೊಸ ಮದ್ದು ಬಂದಿತೆಂದು ಹಳೆಯದನ್ನು ಮೂಲೆಗೆ ಹಾಕುವುದು ವಿವೇಕವಲ್ಲ. ೧೮೮೫ರಲ್ಲಿ ಫ್ರಾನ್ಸಿನ ಮಿಲಾರ್ಡೆ ಎಂಬ ಪಂಡಿತರು ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ಮಿಶ್ರಣವನ್ನು ದ್ರಾಕ್ಷಿಯ ಬೂಜುರೋಗಕ್ಕೆ ಮದ್ದೆಂದು ಪ್ರಕಟಿಸಿದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಶಾಸ್ತ್ರರೀತಿಯಲ್ಲಿ ಪರಿಶೋಧಿಸಿ, ಅದಕ್ಕೆ ಇದೇ ಮಿಶ್ರಣವನ್ನು ಬಳಕೆಗೆ ತಂದರು. ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡುತ್ತಿದ್ದ ಬೆಳೆಗಾರರಿಗೆ ಅದರಿಂದ ಆದ ಉಪಕಾರವು ಅಷ್ಟಿಷ್ಟಲ್ಲ. ನೂರು ವರ್ಷಗಳಿಗೂ ಮೀರಿದ ಈ ಬಳಕೆಯಲ್ಲಿ ಬೋರ್ಡೋ ಮಿಶ್ರಣವು ಕೊಳೆರೋಗಕ್ಕೆ ಸೋತಿಲ್ಲ. ತಾಮ್ರವು ಬೂಷ್ಟನ್ನು ಒಂದು ಸ್ಥಳದಲ್ಲಿ ಮಾತ್ರವಲ್ಲದೆ ಅನೇಕ ಸ್ಥಳಗಳಲ್ಲಿ ಒಮ್ಮೆಗೇ ಹೊಡೆಯುವುದೇ ಇದಕ್ಕೆ ಕಾರಣ. ಒಂದು ಬಾಗಿಲನ್ನು ಬದಲಾಯಿಸಿಕೊಂಡು ಪಾರಾಗುವ ಉಪಾಯವು ಅಲ್ಲಿ ನಡೆಯುವುದಿಲ್ಲ.

ಒಂದು ಕಿಲೋ ಮೈಲುತುತ್ತವನ್ನೂ ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿ, ಒಟ್ಟು ನೂರು ಲೀಟರು ನೀರಾಗುವಂತೆ ಬೆರೆಸಿದರೆ ಸೇಕಡಾ ಒಂದರ ಮಿಶ್ರಣವಾಗುತ್ತದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಪಾತ್ರೆಯನ್ನು ಉಪಯೋಗಿಸಬಾರದು. ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದಿ ನೋಡಿದಾಗ ಕೆಂಪಗೆ ತಾಮ್ರವು ಹತ್ತಿದರೆ ಸುಣ್ಣವು ಸಾಲದೆಂದು ತಿಳಿದು ಇನ್ನಷ್ಟು ಬೆರೆಸಬೇಕು. ಮಾಡಿದ ದಿನವೇ ಅದನ್ನು ಬಳಸಿ ಮುಗಿಸಬೇಕು. ಅಡಿಕೆಗೆ ಮಳೆಗಾಲವು ಹಿಡಿಯುವ ಮೊದಲು ಒಂದು ಸಲವೂ, ಅಲ್ಲಿಂದ ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಂದು ಸಲವೂ ಇದನ್ನು ಹೊಡೆಯುವುದು ರೂಢಿ.

ಅಕ್ಟೋಬರಿನ ಚಾಟನಿಯಾದ ಮೇಲೆ ಮಳೆ ಬಿದ್ದು ಬೂಜುರೋಗವು ತಲೆಯೆತ್ತುವ ದ್ರಾಕ್ಷಿ ತೋಟಗಳಲ್ಲಿ ತಾಮ್ರ, ಗಂಧಕ, ಮ್ಯಾಂಕೋಜೆಬ್ ಮುಂತಾದ ಅನೇಕ ಸ್ಥಳಗಳಲ್ಲಿ ಹೊಡೆಯುವ ಮದ್ದುಗಳನ್ನು ಆಯಾ ರೋಗಕ್ಕೆ, ಆಯಾ ಬೆಳೆಯ ಹಂತಕ್ಕೆ ತಕ್ಕಂತೆ ಮುಂದಿಟ್ಟುಕೊಂಡು, ಸ್ಟ್ರೋಬಿಲುರಿನ್ ವರ್ಗವನ್ನು ಅತ್ಯಗತ್ಯವಾದ ಸಮಯಕ್ಕೆಂದು ಮೀಸಲಾಗಿಡುವುದು ಲೇಸು. ತಾಮ್ರವು ಬೂಜುರೋಗಕ್ಕೆ, ಗಂಧಕವು ಬೂದಿರೋಗಕ್ಕೆ ಎಂಬುದನ್ನು ಮರೆಯಬಾರದು. ಇದಲ್ಲದೆ ರೋಗದ ಎಲೆಗಳನ್ನು ಆರಿಸಿ ಸುಡುವುದು, ಬಳ್ಳಿಗಳ ನಡುವೆ ಗಾಳಿ ಆಡುವಂತೆ ಚಾಟಿ ಬಿಡಿಸುವುದು, ಎಲೆಯ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳುವುದು, ಇವುಗಳಿಂದ ಬೀಜಕಣಗಳ ಸಂಖ್ಯೆಯೇ ಇಳಿಯುತ್ತದೆ. ಬೀಜಕಣಗಳು ಕಡಮೆಯಾದಷ್ಟೂ ಅವುಗಳಲ್ಲಿ ಬಗ್ಗದ ಒಂದು ಇರುವ ಸಂಭವವೂ ಕಡಮೆಯಾಗುತ್ತದೆ.

ಉಪಸಂಹಾರ

ಕಾಡಿನ ಒಂದು ಅಣಬೆಯು ತನ್ನ ಒಂದು ಕಾಯಿಯನ್ನು ಕಾಪಾಡಿಕೊಳ್ಳುವುದಕ್ಕೆ ಮಾಡಿಕೊಂಡ ಉಪಾಯವನ್ನು ಮನುಷ್ಯನು ಕಲಿತು ಲಕ್ಷಾಂತರ ಎಕರೆಗಳ ಮೇಲೆ ಬಳಸುತ್ತಿದ್ದಾನೆ. ಆ ಅಣಬೆಯಾದರೋ ತನ್ನ ಸುತ್ತಲಿನ ಅಷ್ಟು ಜಾಗಕ್ಕೆ, ಬೇಕಾದಷ್ಟನ್ನೇ ಸುರಿಸುತ್ತದೆ. ನಾವು ಅದನ್ನು ಊರಿಗೆಲ್ಲ, ವರುಷವೆಲ್ಲ ಸುರಿದರೆ ಬೂಷ್ಟು ಅದಕ್ಕೆ ಉತ್ತರವನ್ನು ಕಂಡುಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ? ಆದುದರಿಂದ ಒಂದೊಂದು ಗ್ರಾಮದ ಬೆಳೆಗಾರರೂ ಹಂಗಾಮಿನ ಮೊದಲಲ್ಲಿ ಒಂದು ಕಡೆ ಸೇರಿ, ಯಾವ ವರ್ಗದ ಔಷಧವನ್ನು ಯಾವಾಗ ಬಳಸಬೇಕೆಂಬುದನ್ನು ಹತ್ತಿರದ ವ್ಯವಸಾಯಾಧಿಕಾರಿಗಳ ಸಲಹೆಯನ್ನು ಪಡೆದು ಒಟ್ಟಾಗಿ ಗೊತ್ತುಮಾಡಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ. ಕೆರೆಯ ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುವ ಪದ್ಧತಿಯು ನಮ್ಮ ರೈತರಿಗೆ ಹೊಸದಲ್ಲ. ಔಷಧದ ಬಲವೂ ಕೆರೆಯ ನೀರಿನಂತೆಯೇ ಎಲ್ಲರಿಗೂ ಸೇರಿದ ಸ್ವತ್ತು. ಹಿತಮಿತವಾಗಿ ಬಳಸಿದರೆ ನಮ್ಮ ಮಕ್ಕಳ ಕಾಲಕ್ಕೂ ಉಳಿಯುತ್ತದೆ.